ಗಂಟಲಲ್ಲಿ ಸಿಕ್ಕಿದ್ದು ಕೊಬ್ಬರಿಯಲ್ಲ

ನಮ್ಮ ಪ್ರಯೋಗಾಲಯದ ತುಂಬ ಈ ವಾರ ಕೊಬ್ಬರಿಯ ವಾಸನೆ. ಬೀದಿನಾಯಿಗಳಿಗೆ ಹುಚ್ಚುರೋಗ ಬಾರದಂತೆ ನಾವು ತಯಾರಿಸುತ್ತಿರುವ ಲಸಿಕೆಯನ್ನು ತಿನಿಸಿನೊಳಗಿಟ್ಟು ಕೊಡಬೇಕು. ನಿರುಪದ್ರವಿ ವೈರಸ್ಸೊಂದರ ಒಳಗೆ ರೇಬೀಸಿನ ಒಂದು ಚೂರನ್ನಷ್ಟೇ ಸೇರಿಸಿ ಕಳಿಸುವ ಲಸಿಕೆ ಅದು. ಅಗಿದ ನಾಯಿಯ ಮೈ ರೋಗದ ಗುರುತು ಹಿಡಿಯಲು ಕಲಿಯುತ್ತದೆ. ಮೀನಿನ ಪುಡಿ ಹಾಕೋಣ ಎಂದರು ಜೊತೆಯವರು. ತಿಪಟೂರು ಸೀಮೆಯವಳು ನಾನು, ನಮ್ಮ ಕಡೆ ನಾಯಿಗಳೂ ಕೊಬ್ಬರಿ ಬಿಡುವುದಿಲ್ಲ ಎಂದು ಹಠ ಹಿಡಿದೆ. ಕೊಬ್ಬರಿ ಪುಡಿ ಬಿಸಿಯಾಗಿ ಎಣ್ಣೆ ಬಿಟ್ಟಾಗ ಊರಿನ ಪಕ್ಕದ ಮನೆಯ ಅತ್ತೆ ನೆನಪಾದಳು...

ದಂಡಿನಶಿವರದ ಹತ್ತಿರ ನಮ್ಮೂರು. ಅವಳು ನೆಂಟಳಲ್ಲ, ಕರೆದು ಕರೆದು ಅತ್ತೆಯಾದವಳು. ಬಾಯಿ ಜೋರು. ಅಟ್ಟದಲ್ಲಿ ಒಣಗಿದ ಕಾಯಿ ಇಳಿಸಿ ಒಡೆಯುವ ದಿನ ಒಳ್ಳೆಯ ಕೊಬ್ಬರಿ ಮಾರಾಟಕ್ಕೆ, ಚೂರುಪಾರು ಅವಳ ಹಸುವಿಗೆ. "ನಿಂಗಿಂತ ಇವ್ಳಿಗೇ ನಾಲ್ಗೆ ರುಚಿ ಜಾಸ್ತಿ ಕಣೇ" ಎಂದು ನನ್ನನ್ನು ರೇಗಿಸುತ್ತಿದ್ದಳು.

ನಾನು ಕಾಲೇಜು ಓದುತ್ತಿದ್ದ ವರ್ಷ ಆ ಹಸು ಮೇವು ಬಿಟ್ಟಿತು. ಜೊಲ್ಲು ಸುರಿಯುತ್ತಿತ್ತು, ನೀರು ಒಳಗಿಳಿಯುತ್ತಿರಲಿಲ್ಲ, ಕೂಗಿ ಕೂಗಿ ದನಿ ಒಡೆದಿತ್ತು. ತೆಂಗಿನ ಸೀಮೆಯಲ್ಲಿ ಇದಕ್ಕೆಲ್ಲ ಒಂದೇ ಕಾರಣ ಹೇಳುತ್ತಾರೆ.

"ಗಂಟ್ಲಲ್ಲಿ ಕೊಬ್ರಿ ಸಿಕ್ಕೊಂಡೈತೆ. ಹಗ್ಗ ಬಿಗಿಯಾಗಿ ಹಿಡ್ಕೊಳ್ಳಾ, ತೆಗ್ದುಬುಡ್ತೀನಿ" ಎಂದು ಅತ್ತೆ ಮಗನಿಗೆ ಹೇಳಿದಳು.

ಹಸುವಿನ ಬಾಯಿಗೆ ಮೊಣಕೈವರೆಗೆ ಕೈ ಹಾಕಿ ತಡಕಿದಳು. ಏನೂ ಸಿಗಲಿಲ್ಲ. ಹಲ್ಲು ತರಚಿದ ಕೈಗೆ ಅರಿಸಿನ ಹಚ್ಚಿಕೊಂಡಳು. ಎಳೆಗರುವನ್ನು ಬಿಟ್ಟು ಹಸು ಸತ್ತಿತು. ಎಂದೋ ತೋಟದಲ್ಲಿ ಅದಕ್ಕೆ ಹುಚ್ಚುನಾಯಿ ಕಚ್ಚಿರಬಹುದೆಂದು, ಅದರ ಜೊಲ್ಲು ಗಾಯಕ್ಕೆ ತಗುಲಿದರೆ ಮನುಷ್ಯರಿಗೂ ರೋಗ ಹತ್ತುತ್ತದೆಂದು ಯಾರಿಗೂ ಹೊಳೆಯಲಿಲ್ಲ. ಚುಚ್ಚುಮದ್ದು ಆಗಲೂ ತಿಪಟೂರಿನಲ್ಲಿ ಸಿಗುತ್ತಿತ್ತು. ನಾಯಿಯಿಂದ ಕಚ್ಚಿಸಿಕೊಳ್ಳದವಳು ಅಲ್ಲಿಗೆ ಯಾಕೆ ಹೋಗುತ್ತಾಳೆ?

ಕೆಲವು ವಾರ ಕಳೆದ ಮೇಲೆ ನೀರು ಕಂಡರೆ ಅವಳ ಗಂಟಲು ಬಿಗಿಯತೊಡಗಿತು... ಆಸ್ಪತ್ರೆಗೆ ಸಾಗಿಸುವಾಗಲೂ "ಕರ ತಬ್ಬಲಿ ಆಗೋಯ್ತು, ಯಾರಾದ್ರೂ ಹಾಲು ಕುಡಿಸ್ರಪ್ಪ" ಎನ್ನುತ್ತಿದ್ದಳು. ಮತ್ತೆ ಬರಲಿಲ್ಲ. ಹಸುವನ್ನು ಉಳಿಸಲು ಹೋಗಿ ಸತ್ತಳಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸಿಟ್ಟು ಯಾರ ಮೇಲೆ ಎಂಬುದು ಮಾತ್ರ ತಿಳಿಯುವುದಿಲ್ಲ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಕೊಟ್ಟಿಗೆಯಲ್ಲಿ ಅತ್ತೆಯ ಸೊಸೆ ಹಾಲು ಕರೆಯುತ್ತಿದ್ದಳು. ನನ್ನ ಕೆಲಸ ಏನೆಂದು ವಿವರಿಸಿದೆ. ಲಸಿಕೆ ಇನ್ನೂ ಪರೀಕ್ಷೆಯಲ್ಲಿದೆ, ಬೀದಿಗೆ ಬರಲು ಕಾಲ ಬೇಕು ಎಂದೂ ಹೇಳಿದೆ. ಅವಳ ಕೈ ನಿಂತಿತು.

"ಇದು ಆಗ್ಲೇ ಇದ್ದಿದ್ರೆ ನಮ್ಮತ್ತೆ ಉಳ್ಕೊತಿದ್ರಾ?"

"ಹಸೂಗೆ ಕಚ್ಚಿದ ಆ ನಾಯಿ ಇದ್ನ ತಿಂದಿದ್ದಿದ್ರೆ ಉಳ್ಕೊತಿದ್ರು ಕಣೇ" ಎಂದೆ.

ಅವಳು ಮತ್ತೆ ಕೆಚ್ಚಲಿಗೆ ಕೈ ಹಾಕಿದಳು. ಚೊಂಬಿಗೆ ಹಾಲು ಬೀಳುವ ಸದ್ದು ಕೇಳಲಿಲ್ಲ. ಹಸುವಿನ ಹೊಟ್ಟೆಗೆ ಹಣೆಯೊತ್ತಿ ಅಳುತ್ತಿದ್ದಳು. ನಾನೂ ಅಲ್ಲೇ ಗೋಡೆಗೊರಗಿ ಕೂತುಬಿಟ್ಟೆ.