ಜಿಲೇಬಿ ಹಿಡಿದು ನಾನು ಸೋತ ಆಟ

ನಾನು ಮುತ್ತಜ್ಜನಾದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ ಕೈ ಓಡುವುದಿಲ್ಲ. ನಾನು ಶಾಲೆ ಕಂಡಿದ್ದು ನಾಲ್ಕನೇ ಕ್ಲಾಸಿನವರೆಗೆ, ಆಮೇಲೆ ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಯಲ್ಲೇ ಆಯಸ್ಸು ಕಳೆಯಿತು. ಅಕ್ಷರ ಸೊಟ್ಟ ಇರಬಹುದು, ಸಂತೋಷ ಮಾತ್ರ ನೆಟ್ಟಗಿದೆ.

ಮೊಮ್ಮಗನಿಗೆ ಹೆಣ್ಣು ಕೂಸು. ಅವನ ಹೆಂಡತಿಯ ತವರು ಹರಿಹರ, ತೊಟ್ಟಿಲ ಶಾಸ್ತ್ರ ಅಲ್ಲೇ ಎಂದು ಗೊತ್ತಾಯಿತು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಅಪ್ಪನ ತಂಗಿ, ಸೋದರತ್ತೆ. ಅವಳು ಹೆಸರು ಉಸುರಿದ ಕೂಡಲೇ ಸುತ್ತ ಕೂತ ಹೆಂಗಸರೆಲ್ಲ ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಈ ಸಲ ಆ ಸೋದರತ್ತೆ ಯಾರು ಅಂತೀರಿ? ಎಂಟನೇ ಕ್ಲಾಸಿನ ನನ್ನ ಮೊಮ್ಮಗಳು! ಅಣ್ಣನಿಗೂ ಅವಳಿಗೂ ಬಹಳ ಅಂತರ. ಅವಳು ಹುಟ್ಟಿದಾಗ ಅವನಿಗೆ ಮೀಸೆ ಚಿಗುರುತ್ತಿತ್ತು. ಬಣ್ಣ ನನ್ನದು, ಮೈಕಟ್ಟು ಅವಳ ಅಜ್ಜಿಯದು, ದನಿ ಯಾರದ್ದೋ ಏನೋ, ಎಸ್.ಎಸ್. ಬಡಾವಣೆಯ ನಮ್ಮ ಬೀದಿಗೆಲ್ಲ ಕೇಳುತ್ತದೆ.

ಅಂಥ ಹುಡುಗಿ, ಶಾಸ್ತ್ರಕ್ಕೆಂದು ಹೊಲಿಸಿದ ರೇಷ್ಮೆ ಲಂಗವನ್ನು ಮಂಚದ ಮೇಲೆ ಬಿಸಾಡಿ ಕೂತಳು.

"ನಾನು ಒಲ್ಲೆ. ಅತ್ತಿಗೆ ತಂಗಿನ್ನ ಕೂರಿಸ್ರಿ. ಅವ್ಳು ಬೆಳ್ಳಗೆ, ತೆಳ್ಳಗೆ ಅದಾಳೆ. ಎಲ್ರೂ ಫೋಟೋ ಹೊಡೀತಾರೆ."

"ಅವ್ಳು ಕೂಸಿಗೆ ಚಿಕ್ಕಮ್ಮ ಆಗ್ತಾಳೆ ಕಣೇ" ಎಂದಳು ನನ್ನ ಹೆಂಡತಿ. "ನೀನು ಬ್ಯಾಡ ಅಂದ್ರೆ ಕೂಸಿನ ಅಪ್ಪನ್ನೇ ಬದ್ಲಾಯ್ಸೋಣೇನು?"

ಬೇರೆ ದಿನವಾಗಿದ್ದರೆ ಹುಡುಗಿ ನಗುತ್ತಿದ್ದಳು. ಆ ದಿನ ನಗಲಿಲ್ಲ. ಆಗ ನನಗೆ ಹೊಳೆಯಿತು, ಇತ್ತೀಚೆಗೆ ಅವಳು ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದಳು, ಎದ್ದವಳು ಫೋನು ಹಿಡಿದು ಮೂಲೆ ಸೇರುತ್ತಿದ್ದಳು.

ಸಂಜೆ ಒಗ್ಗರಣೆ ಹಾಕಿದ ಮಂಡಕ್ಕಿಯ ತಟ್ಟೆ ಹಿಡಿದುಕೊಂಡು ಹೋಗಿ ಅವಳ ಪಕ್ಕ ಕೂತೆ.

"ಏನವ್ವ ಅದು ಆಟ? ನಂಗೂ ತೋರ್ಸು."

ತೆಳ್ಳಗಾಗಲು ಕುಡಿಯುವ ಯಾವುದೋ ಶರಬತ್ತು ಮಾರುವ ಕಂಪನಿ ಆ ಆಟ ಮಾಡಿ ಫೋನಿಗೆ ಬಿಟ್ಟಿತ್ತು. ಪರದೆಯ ಕೆಳಗೆ ಒಬ್ಬ ಹುಡುಗಿ ನಿಂತಿದ್ದಳು. ಗುಂಡಗೆ, ಕಪ್ಪಗೆ, ಎರಡು ಜಡೆ.

"ಇವ್ಳು ಮೊದ್ಲಿನ ಹುಡುಗಿ. ಗೆದ್ರೆ ಬೆಳ್ಳಗೆ ತೆಳ್ಳಗೆ ಆಗ್ತಾಳೆ" ಎಂದು ಆ ಬೊಂಬೆಯ ಮೇಲೆ ಬೆರಳಿಟ್ಟಳು. ಆಮೇಲೆ, "ಮೊದ್ಲಿನವ್ಳು ನನ್ ಥರಾನೇ ಅದಾಳಲ್ಲ ಅಜ್ಜ" ಎಂದಳು.

ನಾನು ಕನ್ನಡಕ ಏರಿಸಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಅವಳ ಥರಾನೇ ಇದ್ದಳು. ಅದಕ್ಕೇ ನನಗೆ ಆ ಬೊಂಬೆಯ ಮೇಲೆ ಒಮ್ಮೆಗೇ ಪ್ರೀತಿ ಉಕ್ಕಿತು.

"ಕೊಡಿಲ್ಲಿ, ನಾನು ಆಡ್ತೀನಿ."

ಬೆರಳಿಟ್ಟು ಎಳೆದರೆ ಹುಡುಗಿ ಅತ್ತ ಇತ್ತ ಓಡುತ್ತಾಳೆ. ಮೇಲಿಂದ ಜಿಲೇಬಿ, ದೋಸೆ, ಹೋಳಿಗೆ ಎಲ್ಲ ಉದುರುತ್ತವೆ. ಆಹಾ, ಆ ಕಂಪನಿಯವನು ಎಷ್ಟು ಧಾರಾಳಿ ಅಂದುಕೊಂಡೆ! ಕಾಳು ನೆಲಕ್ಕೆ ಬಿದ್ದರೆ ಆಯ್ದು ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ಒಂದು ಜಿಲೇಬಿಯನ್ನೂ ನೆಲಕ್ಕೆ ಬೀಳಲು ಬಿಡಲಿಲ್ಲ. ಹುಡುಗಿಯನ್ನು ಓಡಿಸಿ ಓಡಿಸಿ ಎಲ್ಲವನ್ನೂ ಅವಳ ಬಾಯಿಗೆ ಹಾಕಿದೆ. ನಡುವೆ ಗುಲಾಬಿ ಬಣ್ಣದ ಒಂದು ಬಾಟ್ಲಿ ಬರುತ್ತಿತ್ತು. ಗಾಜು ತಲೆಗೆ ತಾಗೀತೆಂದು ಅದನ್ನು ಮಾತ್ರ ತಪ್ಪಿಸಿದೆ.

"ಅಜ್ಜಾ! ಉಲ್ಟಾ ಆಡಾಕತ್ತೀಯಲ್ಲೋ! ತಿನ್ನೋದು ತಪ್ಪಿಸ್ಬೇಕು, ಬಾಟ್ಲಿ ಹಿಡೀಬೇಕು!"

"ಬಿಸಿ ಜಿಲೇಬಿ ಬಿಟ್ಟು ಬಾಟ್ಲಿ ಹಿಡಿಯಾಕೆ ನಂಗೇನು ತಲೆ ಕೆಟ್ಟೈತಾ?"

ಬೊಂಬೆ ಉಬ್ಬುತ್ತ ಉಬ್ಬುತ್ತ ಪರದೆ ತುಂಬಿತು. ಟುಸ್ ಎಂದು ಸದ್ದಾಯಿತು. ಪರದೆಯ ಹುಡುಗಿ ಅಳತೊಡಗಿದಳು, ಅವಳ ಹಿಂದೆ ಬಂದು ನಿಂತ ತೆಳ್ಳನೆಯ ಬೊಂಬೆಗಳೆಲ್ಲ ಬಾಯಿ ಮುಚ್ಚಿಕೊಂಡು ನಕ್ಕವು.

"ಸೋತಿ ನೀನು."

"ಯಾಕ ಸೋತೆ? ಒಂದೂ ನೆಲಕ್ಕೆ ಬಿಡ್ಲಿಲ್ಲಲ್ಲ!"

ಆಗ ಬಂತು ನೋಡಿ ಆ ನಗು. ಬೀದಿಗೆ ಕೇಳುವ ನಗು. ನಕ್ಕು ನಕ್ಕು ನನ್ನ ಹೆಗಲ ಮೇಲೆ ಬಿದ್ದಳು. ಅವಳು ನಗುತ್ತಿದ್ದರೂ ನನಗೆ ಪರದೆಯ ಹುಡುಗಿಯದೇ ಸಂಕಟ.

"ಹೊಟ್ಟೆ ತುಂಬ ಉಂಡ ಹುಡುಗಿನ ಅಳಿಸ್ತಾನಲ್ಲ, ಇವ್ನು ಯಾರು?"

"ಬಾಟ್ಲಿ ಮಾರೋನು" ಎಂದವಳು ಅಳುವ ಬೊಂಬೆಯನ್ನು ಮತ್ತೊಮ್ಮೆ ನೋಡಿದಳು. "ಅವ್ಳು ಅಳದಿದ್ರೆ ಬಾಟ್ಲಿ ಯಾರು ತಗೋತಾರೆ?"

ನಾನು ಹೇಳಿಕೊಟ್ಟ ಮಾತಲ್ಲ ಅದು. ಹೇಳುತ್ತ ಹೇಳುತ್ತ ಅವಳ ಕೈ ನನ್ನ ತಟ್ಟೆಯ ಮಂಡಕ್ಕಿಗೆ ಹೋಗಿತ್ತು. ನಾನು ನೋಡದವನಂತೆ ಕೂತೆ.

ಶಾಸ್ತ್ರದ ದಿನ ಲಂಗ ಉಟ್ಟು ಹೊರಟಳು. ಆದರೆ ಹೊಟ್ಟೆ ಮುಚ್ಚುವಂತೆ ಅಮ್ಮನ ವೇಲು ಅಡ್ಡ ಹೊದ್ದಿದ್ದಳು. ಹರಿಹರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದರ ತುದಿ ಹಿಡಿದೇ ಇದ್ದಳು. ತೊಟ್ಟಿಲ ಮುಂದೆ ಕೂರುವ ಹೊತ್ತಿಗೆ ಹಿಂದೆ ಸರಿದಾಳೇನೋ ಎಂದು ನಾನು ಅವಳ ಬೆನ್ನಿಗೇ ಹೋಗಿ ನಿಂತೆ.

"ಬರ್ರಿ ಸೋದರತ್ತೆ, ಕೂಡ್ರಿ" ಎಂದು ಬೀಗಿತ್ತಿ ಕರೆದರು. ಕೂತಳು. ಕೂಸನ್ನು ಎತ್ತಿಕೊಂಡಳು. ಆ ಚಿಕ್ಕ ಮುಷ್ಟಿ ವೇಲಿಗೆ ಸಿಕ್ಕಿಕೊಂಡು ಕೂಸು ಚೀರಿತು. ಮೊಮ್ಮಗಳು ಒಂದು ಕ್ಷಣವೂ ಯೋಚಿಸಲಿಲ್ಲ. ಮುಷ್ಟಿ ಬಿಡಿಸಿ, ವೇಲು ತೆಗೆದು, ಹಿಂದೆ ನಿಂತ ನನ್ನ ಕಡೆ ಎಸೆದಳು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಬಗ್ಗಿದಳು. ಶಾಸ್ತ್ರದಂತೆ ಕಿವಿಯಲ್ಲಿ ಕುರ್ರ್ ಎಂದಳು, ಹೆಸರು ಉಸುರಿದಳು. ಧಬಧಬ ಗುದ್ದು ಬಿದ್ದವು.

"ಅಷ್ಟೇ ಏನ್ರೇ? ಊಟ ಮಾಡಿಲ್ಲೇನು ಯಾರೂ?" ಎಂದು ಬೆನ್ನು ಕೊಟ್ಟೇ ಕೂಗಿದಳು. ಮನೆಯೆಲ್ಲ ನಗು.

ಆಮೇಲೆ ಅತ್ತಿಗೆಯ ತಂಗಿ ತಾನು ತೆಗೆದ ಫೋಟೋ ತೋರಿಸಿದಳು. "ನಿನ್ ಬಾಯಿ ಇಷ್ಟಗಲ ತೆರ್ದೈತೆ, ಗದ್ದ ಎರಡು ಕಾಣ್ತಾವೆ. ಅಳಿಸ್ಲಾ?"

ನನ್ನ ಹುಡುಗಿ ಫೋನು ಇಸಿದುಕೊಂಡು ಬಹಳ ಹೊತ್ತು ನೋಡಿದಳು.

"ಬ್ಯಾಡ" ಎಂದಳು. "ಕೂಸು ನನ್ನೇ ನೋಡಾಕತ್ತೈತೆ, ನೋಡಿಲ್ಲಿ."