ಚೀಲದ ತಳದ ಲಾಳ

ಭೂಮಿಯ ಕಾಂತಶಕ್ತಿ ಅಳೆಯುವ ಯಂತ್ರದ ಹತ್ತಿರ ಕಬ್ಬಿಣ ಸುಳಿಯಬಾರದು. ಇದನ್ನು ಕಂಡವರಿಗೆಲ್ಲ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ತೊಂಬತ್ತರ ದಶಕದ ಆರಂಭ. ಮೂರು ತಿಂಗಳ ಮಗುವನ್ನು ದೊಡ್ಡಬಳ್ಳಾಪುರದಲ್ಲಿ ಅಮ್ಮನ ಮಡಿಲಿಗೆ ಹಾಕಿ ಕೆಲಸಕ್ಕೆ ಮರಳಿದ್ದೆ. ಮಧುರೆ ಹತ್ತಿರದ ಹಳ್ಳಿಯೊಂದಕ್ಕೆ ಒಂದೇ ಒಂದು ಕೊಳವೆಬಾವಿ ಮಂಜೂರಾಗಿತ್ತು. ಶನಿವಾರ ಬಾವಿ ಕೊರೆಯುವ ರಿಗ್ ಬರುವಷ್ಟರಲ್ಲಿ ಜಾಗ ತೋರಿಸಬೇಕಾದವಳು ನಾನು. ತಪ್ಪಿದರೆ ಅಲ್ಲಿನ ಹೆಂಗಸರಿಗೆ ಮತ್ತೆ ಕೊಡ ಹೊತ್ತು ಪಕ್ಕದೂರಿಗೆ ನಡೆಯುವುದೇ ಗತಿ.

ಆ ಹೊಲಗಳ ಅಡಿಯಲ್ಲಿ ಗೋಡೆಯಂಥ ಕರಿಕಲ್ಲಿನ ಸಾಲೊಂದು ಹೂತಿದೆ, ಅದಕ್ಕೆ ತಡೆದು ನೀರು ನಿಂತಿರಬಹುದು ಎಂಬುದು ನಮ್ಮ ಅಂದಾಜು. ಅಂಥ ಕಲ್ಲಿನ ಮೇಲೆ ಹಾದುಹೋದಾಗ ಯಂತ್ರದ ಅಂಕಿ ಬದಲಾಗುತ್ತದೆ. ಬದಲಾಯಿತು ನಿಜ, ಹೆಜ್ಜೆ ಹೆಜ್ಜೆಗೂ! ಅಳತೆಗೆಂದು ನೆಟ್ಟ ಒಂದೇ ಗೂಟದ ಬಳಿ ಮೂರು ಸಲ ನೋಡಿದರೆ ಮೂರು ಉತ್ತರ.

ಎರಡು ದಿನ ಇದೇ ಪಾಡು. ನನಗೆ ಮೈಯೆಲ್ಲ ಉರಿ. ನನ್ನ ವಾಚು, ಹೇರ್‌ಪಿನ್ನು ತೆಗೆದಿಟ್ಟೆ. ಟೇಪು ಹಿಡಿಯುತ್ತಿದ್ದ ಸಹೋದ್ಯೋಗಿಯ ಬೆಲ್ಟು ಬಿಚ್ಚಿಸಿದೆ. ಪಾಪ, ಆತ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಅಳತೆ ಮಾಡಿದ. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಹುಲ್ಲಿಗೆ ಬಂದಿದ್ದ ಅಜ್ಜಿಯೊಬ್ಬಳನ್ನು ಬೈದು ಅಟ್ಟಿದೆ.

ಶುಕ್ರವಾರ ಅದೇ ಅಜ್ಜಿ ಬರಿಗೈ ತೋರಿಸುತ್ತಾ ಬಂದಳು. ಹಾಲಿಗೆ ಒದ್ದೆಯಾದ ರವಿಕೆಯನ್ನು ನಾನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ.

"ಮಗೀಗೆ ಎಷ್ಟು ತಿಂಗ್ಳವ್ವ?"

"ಮೂರು."

"ಬಾಣಂತೀನ ಗಾಳಿ ಸೋಕ್ದಂಗೆ ಕಬ್ಬಿಣ ಕೊಡ್ದೆ ಹೊಸ್ಲು ದಾಟಿಸವ್ರಾ ನಿಮ್ಮನೇವ್ರು?"

"ನಾನೇನೂ ಇಟ್ಕೊಂಡಿಲ್ಲ ಅಜ್ಜಿ!"

"ನೀನಿಟ್ಕೊಳಲ್ಲ. ಅವ್ರಿಟ್ಟಿರ್ತಾರೆ, ನೋಡ್ಕೋ."

ಹೆಗಲಲ್ಲಿ ನೋಟ್‌ಬುಕ್ಕಿನ ಚೀಲವಿತ್ತು. ಮಗ್ಗದಲ್ಲಿ ಉಳಿದ ತುಂಡುಬಟ್ಟೆಯಿಂದ ಅಮ್ಮ ಹೊಲಿದು ಕೊಟ್ಟದ್ದು. ತಳ ಮುಟ್ಟಿದೆ. ಎರಡು ಪದರದ ನಡುವೆ ಗಟ್ಟಿಯಾಗಿ ಏನೋ ಸಿಕ್ಕಿತು. ಹೊಲಿಗೆ ಕಿತ್ತರೆ ಕುದುರೆ ಲಾಳದ ಚೂರು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಸಹೋದ್ಯೋಗಿ ಬೆಲ್ಟು ಕಟ್ಟಿಕೊಳ್ಳಲು ಹೋದ. "ಬೇಡ, ಇನ್ನೂ ಕೆಲಸ ಇದೆ" ಎಂದು ಅವನ ಮೇಲೂ ರೇಗಿದೆ. ನಾಚಿಕೆಗೆ ಬೇರೆ ದಾರಿ ತೋಚಲಿಲ್ಲ.

ಅಜ್ಜಿ ಲಾಳ ಹಿಡಿದು ದೂರದ ಹೊಂಗೆಮರದಡಿ ಕೂತಳು. ಅಂಕಿಗಳು ತೆಪ್ಪಗಾದವು. ಸಂಜೆಯೊಳಗೆ ಕರಿಕಲ್ಲಿನ ಸಾಲು ಸಿಕ್ಕಿತು. ಅದರ ಮಗ್ಗುಲಲ್ಲಿ ಗೂಟ ಹೊಡೆಸಿದೆ. ಹೊರಡುವಾಗ ಅಜ್ಜಿ ಲಾಳವನ್ನು ಕೈಗಿಟ್ಟಳು.

ಮನೆಗೆ ಬಂದವಳೇ ಅದನ್ನು ಅಮ್ಮನ ಮುಂದೆ ಕುಕ್ಕಿದೆ. "ನಿನ್ನಿಂದ ಒಂದು ಊರಿನ ನೀರು ತಪ್ಪೋದ್ರಲ್ಲಿತ್ತು, ಗೊತ್ತಾ? ಮೂರು ದಿನ ನಾನು ಎಲ್ರ ಮೇಲೂ ಹಾರಾಡಿದ್ದೀನಿ!"

ಅಮ್ಮ ಮಗುವನ್ನು ತಟ್ಟುವುದು ನಿಲ್ಲಿಸಲಿಲ್ಲ. "ಮಿಷಿನ್ ಕೆಟ್ರೆ ಇನ್ನೊಂದು ತರ್ತಾರೆ. ನಿಂಗೇನಾದ್ರೂ ಆದ್ರೆ ಈ ಮಗೂಗೆ ಎಲ್ಲಿಂದ ತರ್ಲಿ?"

ಬೈಯಲು ಇನ್ನೂ ಬಹಳ ಉಳಿದಿತ್ತು. ಸಿಟ್ಟಿನಲ್ಲೇ ಮಗುವಿಗೆ ಹಾಲೂಡಿಸಿದೆ.

ಶನಿವಾರ ರಿಗ್ ಮಧ್ಯಾಹ್ನದವರೆಗೂ ಬರೀ ಕಲ್ಲುಪುಡಿ ಉಗುಳಿತು. ಕೊಡ ಹಿಡಿದ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಪುಡಿ ಕೆಸರಾಯಿತು, ಕೆಸರು ನೀರಾಗಿ ಚಿಮ್ಮಿತು. ಅಷ್ಟು ಹೊತ್ತೂ ನಾನು ಚೀಲದ ತಳವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಲಾಳವನ್ನು ಬೆಳಿಗ್ಗೆ ನಾನೇ ಒಳಗಿಟ್ಟು ಹೊಲಿದಿದ್ದೆ.