ಜಪಾನಿನ ಸಾಕೆ, ಅಕ್ಕನ ಉಪ್ಪೆಸ್ರು ಖಾರ

ನಾನು ಕೊಳ್ಳೇಗಾಲದಲ್ಲಿ ಟ್ಯಾಕ್ಸಿ ಓಡಿಸುವವನು. ಕಾರ್ಖಾನೆಯೊಂದರ ಕೆಲಸಕ್ಕೆ ಬಂದಿದ್ದ ಜಪಾನಿನವರೊಬ್ಬರನ್ನು ಕೆಲವು ತಿಂಗಳು ಸುತ್ತಾಡಿಸಿದ್ದೆ. ತಮ್ಮ ದೇಶಕ್ಕೆ ಹೊರಡುವಾಗ ಅವರು ಒಂದು ಬಾಟಲಿ ಸಾಕೆ ಕೊಟ್ಟರು. ಅಕ್ಕಿಯಿಂದ ಮಾಡುವ ಮದ್ಯ, ತಣ್ಣಗೆ ಮಾಡಿ ಉಪ್ಪು ಖಾರದ ಜೊತೆ ಕುಡಿಯಬೇಕು ಅಂದರು. ಉಪ್ಪು ಖಾರ ಅಂದ ಕೂಡಲೇ ನನಗೆ ನೆನಪಾದದ್ದು ರಾಮಾಪುರದ ನಮ್ಮ ಭಾವ.

ಭಾವನಿಗೆ ಊಟ ಅಂದರೆ ಉಪ್ಪೆಸ್ರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಕಲಸಿಕೊಳ್ಳಲು ಅಕ್ಕ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಹಾಕಿ ಖಾರ ಅರೆಯುತ್ತಿದ್ದಳು. ಭಾವ ಅದನ್ನು ಬೆರಳ ತುದಿಯಲ್ಲಿ ನೆಕ್ಕಿ, ಬೆಳ್ಳುಳ್ಳಿ ಸುಟ್ಟದ್ದೋ ಹಸಿಯದೋ ಹೇಳಿಬಿಡುತ್ತಿದ್ದರು. ಮಿಕ್ಸಿಯಲ್ಲಿ ಅರೆದ ದಿನ ಮಾತೇ ಆಡುತ್ತಿರಲಿಲ್ಲ. ಅಂಥ ನಾಲಿಗೆಯ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ನಾನು ಒಯ್ದ ಬಾಟಲಿ ನೋಡಿ ಭಾವನ ಮುಖ ಅರಳಿತು.

"ಅಕ್ಕಿದು ಅಂತೀಯ. ಅಂಗಾದ್ರೆ ನಿಮ್ಮಕ್ಕನ ಖಾರಕ್ಕೆ ಒಂದ್ಕತದೆ ಕಣ್ಲಾ" ಅಂದರು.

ಆದರೆ ಮಾದಪ್ಪನಿಗೆ ಹರಕೆ ಹೊತ್ತಿದ್ದರು. ಬೆಟ್ಟಕ್ಕೆ ನಡೆದು ಹೋಗಿ ಬರುವವರೆಗೆ ಕುಡಿಯುವಂತಿಲ್ಲ. "ನೀನೂ ಬಾ. ನಡ್ಕಂಡು ಓಗ್ಬಂದು ಆಮೇಕೆ ಕೂತ್ಕಳವ" ಅಂದರು. ಬಾಟಲಿ ಅವರ ಮನೆಯ ಫ್ರಿಜ್ಜು ಸೇರಿತು.

ನನಗೆ ಬಿಡುವಾದಾಗ ಅವರಿಗೆ ಮುಸುಕಿನ ಜೋಳದ ಕುಯ್ಲು, ಅವರಿಗೆ ಬಿಡುವಾದಾಗ ನನಗೆ ಮದುವೆ ಬಾಡಿಗೆಗಳು. ಹೀಗೇ ಎರಡು ವರ್ಷ ಸರಿಯಿತು. ಆಮೇಲೆ ಭಾವನ ಕೆನ್ನೆಯೊಳಗೆ ಹುಣ್ಣು ಕಾಣಿಸಿತು. ಮೈಸೂರಿಗೆ ಕರೆದೊಯ್ದು ಕರೆಂಟ್ ಕೊಡಿಸಿದೆವು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಹಾಗೇ ಅನ್ನುವುದು. ಹುಣ್ಣು ಹೋಯಿತು, ಅದರ ಜೊತೆ ರುಚಿಯೂ ಹೋಯಿತು. ಉಪ್ಪು, ಹುಳಿ, ಸಿಹಿ ಒಂದೂ ತಿಳಿಯದು. ಮೆಣಸಿನಕಾಯಿ ಸೋಕಿದರೆ ಮಾತ್ರ ಬಾಯಿ ಬೆಂದಂತೆ ಉರಿಯುತ್ತಿತ್ತು.

ಮಾದಪ್ಪನ ಹತ್ತಿರ ಒಂದು ಮಾತು ಕೇಳಿಕೊಂಡು ಅವತ್ತೇ ಒಂದು ಗುಟುಕು ಕುಡಿದಿದ್ದರೆ ಅವನೇನು ಮುನಿದುಕೊಳ್ಳುತ್ತಿದ್ದನೇ? ಇದು ನನ್ನನ್ನು ಈಗಲೂ ಕೊರೆಯುತ್ತದೆ.

ಹೋದ ವರ್ಷ, ಭಾವನಿಗೆ ನಡೆಯಲಾಗದೆ, ಟ್ಯಾಕ್ಸಿಯಲ್ಲೇ ಬೆಟ್ಟಕ್ಕೆ ಹೋಗಿ ಹರಕೆ ತೀರಿಸಿದೆವು. ಮಾರನೆಯ ಮಧ್ಯಾಹ್ನ ಭಾವ ತಾವೇ ಬಾಟಲಿ ತರಿಸಿದರು. ಅಕ್ಕ ಎರಡು ಖಾರ ಅರೆದಳು. ನನ್ನದು ಎಂದಿನದು. ಭಾವನದಕ್ಕೆ ಮೆಣಸಿನಕಾಯಿ ಹಾಕಲಿಲ್ಲ, ಬಣ್ಣಕ್ಕೆ ಬೀಟ್‌ರೂಟ್ ಚೂರು ಹಾಕಿದಳು.

"ಅವ್ರ ಮುಂದೆ ಬಾಯ್ಬುಡಬ್ಯಾಡ" ಅಂತ ನನ್ನ ಕಿವಿಯಲ್ಲಿ ಹೇಳಿದಳು.

ಇಟ್ಟು ಇಟ್ಟು ಸಾಕೆ ಹಳದಿಗೆ ತಿರುಗಿತ್ತು. ಆದರೂ ಖಾರ ನೆಕ್ಕಿ ಕುಡಿದರೆ ಅನ್ನ ಬಸಿದ ಗಂಜಿಯ ಹಾಗೆ ತಂಪು, ಹಿಂದೆಯೇ ಸಣ್ಣ ಸಿಹಿ, ಬೆಳ್ಳುಳ್ಳಿಯ ಘಾಟು ಅದರಲ್ಲಿ ಕರಗಿ ಹೋಗುತ್ತಿತ್ತು. ಭಾವ ಹೇಳಿದ್ದು ಸರಿಯಾಗಿತ್ತು.

ಭಾವ ಸಾಕೆಯಲ್ಲಿ ತುಟಿ ಒದ್ದೆ ಮಾಡಿಕೊಂಡರು. ತಮ್ಮ ಖಾರ ನೆಕ್ಕಿದರು. ಬಾಯಿ ಉರಿಯಲಿಲ್ಲವಲ್ಲ, ಅವರಿಗೆ ಗೊತ್ತಾಗಿಯೇ ಇರಬೇಕು. ಅಡುಗೆಮನೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಭಾವ ಉಸ್ ಎಂದು ಗಾಳಿ ಎಳೆದುಕೊಂಡು, ಟವೆಲಿನಲ್ಲಿ ಹಣೆ ಒರೆಸಿಕೊಂಡರು.

"ಇವತ್ತು ಖಾರ ನೆತ್ತಿಗತ್ತುತು ಕಣಮ್ಮಿ" ಅಂದರು.

ಅಕ್ಕ ಒಳಗೆ ಹೋಗಿ ಬೆಲ್ಲದ ಚೂರು ತಂದು ಅವರ ಕೈಗಿಟ್ಟಳು. "ಕಚ್ಕಳಿ, ಇಳೀತದೆ" ಅಂದಳು.

ಭಾವ ಕಚ್ಚಿಕೊಂಡು ನಿಧಾನಕ್ಕೆ ಚೀಪಿದರು. "ಊಂ, ಸೀ ಚೆಂದಾಗದೆ. ಈಗ ಇಳೀತು" ಅಂದರು.